ಗ್ಯಾಸ್ ಗೀಸರ್, ಹೀಟರ್ ಅಳವಡಿಕೆಯಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಗ್ಯಾಸ್ ಗೀಸರ್ ಮತ್ತು ರೂಮ್ ಹೀಟರ್ ಕೂರಿಸುವ ನಮ್ಮ ಕ್ರಮದಲ್ಲಿ ಎರಡು ಬದಲಾವಣೆ ಮಾಡಿದ್ದೇವೆ. ಕೋಣೆಯೊಳಗಿನ ಗಾಳಿಯನ್ನೇ ಎಳೆದುಕೊಂಡು ಉರಿಯುವ ಗೀಸರ್, ಹೀಟರುಗಳನ್ನು ಇನ್ನು ಮುಂದೆ ಬಾತ್‌ರೂಮಿನಲ್ಲಿ, ಮಲಗುವ ಕೋಣೆಯಲ್ಲಿ ಕೂರಿಸುವುದಿಲ್ಲ. ಈಗಾಗಲೇ ಅಲ್ಲಿರುವುದನ್ನು ರಿಪೇರಿ ಮಾಡಿ ಅದೇ ಗೋಡೆಗೆ ತೂಗುಹಾಕಿ ಬರುವುದೂ ಇಲ್ಲ. ಇನ್ನು ಬೇರೆ ಜಾಗದಲ್ಲಿರುವ ಯಾವುದೇ ಹೀಟರಾದರೂ ಗಾಳಿಕಿಂಡಿಯ ಅಳತೆ ಮತ್ತು ಹೊಗೆ ಪರೀಕ್ಷೆ ಸರಿಬಂದ ಮೇಲಷ್ಟೇ ಚಾಲೂ ಮಾಡಿಕೊಡುತ್ತೇವೆ.

"ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಎನ್ನುವವರಿಗಾಗಿ ಒಂದು ಲೆಕ್ಕ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಸುಮಾರು 12 ಕಿಲೋವ್ಯಾಟ್‌ನದು. ಪೂರ್ತಿ ಉರಿಗೆ ಅದಕ್ಕೆ ಗಂಟೆಗೆ ಕನಿಷ್ಠ 12 ಘನ ಮೀಟರ್ ಗಾಳಿ ಬೇಕು. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದದ ಬಾತ್‌ರೂಮಿನಲ್ಲಿ ಇರುವ ಗಾಳಿಯೆಲ್ಲ ಸೇರಿ 7 ಘನ ಮೀಟರ್ ಆಸುಪಾಸು. ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿ ಹೊರಗಾಳಿ ಒಳಬರದಂತಿದ್ದರೆ ಆಮ್ಲಜನಕ ಶೇ. 21ರಿಂದ 18ಕ್ಕೆ ಇಳಿಯಲು ಐದೇ ನಿಮಿಷ ಸಾಕು. ಆಮ್ಲಜನಕದ ಸೆನ್ಸರ್ ಇರುವ ಹೀಟರುಗಳು ತಾವಾಗಿ ಆರಿಹೋಗುವುದೂ ಹೆಚ್ಚುಕಡಿಮೆ ಈ ಮಟ್ಟದಲ್ಲೇ. ಸೆನ್ಸರ್ ಇಲ್ಲದ್ದು ಉರಿಯುತ್ತಲೇ ಇರುತ್ತದೆ, ತಾನೇ ಬಿಟ್ಟ ಹೊಗೆಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಏರತೊಡಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಇಷ್ಟು ವರ್ಷ ಕಾಪಾಡಿದ್ದು ಬಹುತೇಕ ಬಾಗಿಲ ಕೆಳಗಿನ ಸಂದು. ಚಳಿಗೆಂದು ಅಲ್ಲಿ ಮ್ಯಾಟ್ ಒತ್ತರಿಸಿದ ದಿನ, ಅಥವಾ ಒಬ್ಬರ ಹಿಂದೆ ಒಬ್ಬರು ಮೂವರು ಸ್ನಾನಕ್ಕೆ ಹೋದ ದಿನ ಲೆಕ್ಕ ತಲೆಕೆಳಗಾಗುತ್ತದೆ. ಕಿಟಕಿ ತೆರೆದಿಡುತ್ತೇವೆ ಎನ್ನುವ ಭರವಸೆಯನ್ನು ನಾವು ಒಪ್ಪದಿರುವುದೂ ಇದಕ್ಕೇ. ಮುಚ್ಚಬಹುದಾದ ಕಿಂಡಿಯನ್ನು ಒಂದಲ್ಲ ಒಂದು ದಿನ ಯಾರಾದರೂ ಮುಚ್ಚುತ್ತಾರೆ.

ಹಾಗಾದರೆ ಎಲ್ಲಿ ಕೂರಿಸುವುದು? ಮೊದಲ ಆಯ್ಕೆ ಹೊರಗೆ: ತೆರೆದ ಬಾಲ್ಕನಿಯಲ್ಲೋ ಹಿಂಭಾಗದ ಗೋಡೆಯ ಮೇಲೋ, ಹೊರಾಂಗಣಕ್ಕೆಂದೇ ತಯಾರಾದ ಮಾದರಿಯನ್ನು. ಹೊಗೆ ಬಿಡುವ ಬಾಯಿ ಯಾವುದೇ ಕಿಟಕಿ, ವೆಂಟಿಲೇಟರಿನಿಂದ 1.2 ಮೀಟರ್ ದೂರವಿರಬೇಕು. ಬಿಸಿನೀರಿನ ಪೈಪಿಗೆ ಶಾಖ ತಡೆಯುವ ಹೊದಿಕೆ ಹಾಕಿಕೊಡುತ್ತೇವೆ. ಮುಂದೆ ಆ ಬಾಲ್ಕನಿಗೆ ಗಾಜು ಹಾಕಿಸುವುದಾದರೆ ಮೊದಲು ನಮಗೆ ತಿಳಿಸಿ, ಗಾಜು ಕೂತ ಮೇಲೆ ಅದು ಹೊರಗಿನ ಜಾಗವಲ್ಲ. ಎರಡನೆಯದು ಸೀಲ್ಡ್ ಮಾದರಿ. ಅದು ಜೋಡಿ ಕೊಳವೆಯಲ್ಲಿ ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಹೊಗೆ ಬಿಡುತ್ತದೆ, ಕೋಣೆಯ ಗಾಳಿಯನ್ನು ಮುಟ್ಟುವುದಿಲ್ಲ. ಇವೆರಡೂ ಆಗದಿದ್ದರೆ ಮಾತ್ರ ಯುಟಿಲಿಟಿಯಂಥ ಜಾಗದಲ್ಲಿ ಹೊಗೆಕೊಳವೆಯಿರುವ ಸಾಮಾನ್ಯ ಮಾದರಿ.

ಈ ಮೂರನೆಯದಕ್ಕೆ ಹೊರಗೋಡೆಯಲ್ಲಿ ಎರಡು ಕಾಯಂ ಕಿಂಡಿ ಬೇಕು, ಒಂದು ನೆಲದಿಂದ 30 ಸೆಂ.ಮೀ. ಒಳಗೆ, ಇನ್ನೊಂದು ಚಾವಣಿಯಿಂದ 30 ಸೆಂ.ಮೀ. ಒಳಗೆ. ಪ್ರತಿ ಕಿಲೋವ್ಯಾಟ್‌ಗೆ ಒಂದೊಂದು ಕಿಂಡಿಯಲ್ಲೂ ಕನಿಷ್ಠ 5.5 ಚದರ ಸೆಂ.ಮೀ. ಬಯಲು, ಅಂದರೆ 12 ಕಿಲೋವ್ಯಾಟ್‌ಗೆ ಒಂದೊಂದರಲ್ಲೂ 66 ಚದರ ಸೆಂ.ಮೀ. ನಿಮ್ಮಲ್ಲಿನ ನಿಯಮ ಅಥವಾ ತಯಾರಕರ ಕೈಪಿಡಿ ಇದಕ್ಕಿಂತ ಹೆಚ್ಚು ಕೇಳಿದರೆ ಅದೇ ಅಂತಿಮ. ಬಯಲು ಎಂದರೆ ಗಾಳಿ ನಿಜವಾಗಿ ನುಗ್ಗುವ ಜಾಗ, ಚೌಕಟ್ಟಿನ ಅಳತೆಯಲ್ಲ. ಕಿಂಡಿಗೆ ಲೋಹದ ಲೂವರ್ (ಓರೆಪಟ್ಟಿಗಳ ಮುಚ್ಚಳ) ಕೂರಿಸಿದರೆ ಮುಕ್ಕಾಲು ಪಾಲು ಉಳಿಯುತ್ತದೆ, ಮರದ್ದಾದರೆ ಕಾಲು ಪಾಲು ಮಾತ್ರ. ಸೊಳ್ಳೆ ಪರದೆ ಬಿಗಿಯಬೇಡಿ. ಧೂಳು, ನೂಲು ಕಟ್ಟಿಕೊಂಡು ಕೆಲವೇ ತಿಂಗಳಲ್ಲಿ ಗೋಡೆಯಾಗಿಬಿಡುತ್ತದೆ. ಜಾಲರಿಯ ಕಣ್ಣು 6 ಮಿ.ಮೀ.ಗಿಂತ ಸಣ್ಣದಿರಬಾರದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲಕ್ಕೆ ಇಳಿಯುತ್ತದೆ, ಆಗ ಹೊರದಾರಿ ಕೆಳಗಿನ ಕಿಂಡಿಯೇ.

ಹೊಗೆಕೊಳವೆಯಲ್ಲಿ ನಾವು ಹೆಚ್ಚಾಗಿ ಕಾಣುವ ತಪ್ಪು ಪಿವಿಸಿ ಪೈಪ್. ಬಿಸಿಗೆ ಅದು ಮೆತ್ತಗಾಗಿ ಬಾಗುತ್ತದೆ, ಜೋಡಣೆ ಬಿಡುತ್ತದೆ. ಇನ್ನೊಂದು, ಗೀಸರಿನ ತಲೆಯ ಮೇಲೆಯೇ ಎಲ್ಬೋ (ತಿರುವಿನ ತುಂಡು) ಹಾಕಿ ಕೊಳವೆಯನ್ನು ಅಡ್ಡಡ್ಡ ಓಡಿಸುವುದು. ಫ್ಯಾನ್ ಇಲ್ಲದ ಮಾದರಿಯಲ್ಲಿ ಹೊಗೆ ಏರುವುದು ತನ್ನ ಬಿಸಿಯ ಬಲದಿಂದ, ಆ ಬಲ ಕೆಲವೇ ಪ್ಯಾಸ್ಕಲ್‌ನಷ್ಟು, ಅಂದರೆ ತೀರಾ ಸಣ್ಣ ಒತ್ತಡ. ಹಾಗಾಗಿ ಮೊದಲ ತಿರುವಿಗೆ ಮುನ್ನ 60 ಸೆಂ.ಮೀ. ನೇರ ಏರಿಕೆ ಕೊಡುತ್ತೇವೆ. ಆಮೇಲಿನ ಅಡ್ಡ ಓಟ ಮೀಟರಿಗೆ 2 ಸೆಂ.ಮೀ.ನಂತೆ ಮೇಲ್ಮುಖವಾಗಿಯೇ ಸಾಗಬೇಕು. ಎಲ್ಲೂ ಗೀಸರಿನ ಬಾಯಿಗಿಂತ ಸಣ್ಣ ವ್ಯಾಸದ ಕೊಳವೆ ಬಳಸುವುದಿಲ್ಲ.

ಅಷ್ಟು ಸಣ್ಣ ಬಲವನ್ನು ಸೋಲಿಸುವುದು ಬೇರಾರೂ ಅಲ್ಲ, ಎಕ್ಸಾಸ್ಟ್ ಫ್ಯಾನ್. ಅದಿದ್ದರೆ ಸುರಕ್ಷಿತ ಎಂಬ ನಂಬಿಕೆ ಎಲ್ಲ ಕಡೆ ಇದೆ. ಒಳಬರುವ ಗಾಳಿಗೆ ದಾರಿಯಿಲ್ಲದಿದ್ದರೆ ಫ್ಯಾನ್ ತನಗೆ ಬೇಕಾದ ಗಾಳಿಯನ್ನು ಹೊಗೆಕೊಳವೆಯಿಂದಲೇ ಕೆಳಕ್ಕೆ ಎಳೆಯುತ್ತದೆ, ಹೊಗೆಯೂ ಜೊತೆಗೇ ಇಳಿಯುತ್ತದೆ. ಅಡುಗೆಮನೆಯ ಚಿಮಣಿಯಂತೂ ಇನ್ನೂ ಬಲಶಾಲಿ, ಪಕ್ಕದ ಕೋಣೆಯಲ್ಲಿದ್ದರೂ ಕೆಲಸ ಕೆಡಿಸಬಲ್ಲದು.

ಹೊಗೆ ಪರೀಕ್ಷೆಯನ್ನು ಆ ಕೆಟ್ಟ ಸ್ಥಿತಿಯಲ್ಲೇ ಮಾಡುತ್ತೇವೆ. ಕಾಯಂ ಕಿಂಡಿ ಬಿಟ್ಟು ಎಲ್ಲ ಕಿಟಕಿ ಬಾಗಿಲು ಮುಚ್ಚಿ, ಮನೆಯ ಎಲ್ಲ ಎಕ್ಸಾಸ್ಟ್ ಫ್ಯಾನ್, ಚಿಮಣಿ ಪೂರ್ತಿ ವೇಗದಲ್ಲಿ ಹಾಕಿ, ಹೀಟರನ್ನು ಐದು ನಿಮಿಷ ಉರಿಸುತ್ತೇವೆ. ಕೊಳವೆ ತಣ್ಣಗಿದ್ದಾಗ ಮೊದಮೊದಲು ತುಸು ಹೊಗೆ ಹಿಂದಕ್ಕೆ ಬರುವುದುಂಟು, ಅದಕ್ಕೇ ಈ ಐದು ನಿಮಿಷ. ಆಮೇಲೆ ಊದುಬತ್ತಿಯನ್ನು ಡ್ರಾಫ್ಟ್ ಹುಡ್‌ನ (ಹೀಟರಿನ ಮೇಲೆ ಹೊಗೆಕೊಳವೆ ಶುರುವಾಗುವಲ್ಲಿನ ತೆರೆದ ಟೋಪಿಯ) ಅಂಚಿನ ಸುತ್ತ ಹಿಡಿಯುತ್ತೇವೆ. ಊದುಬತ್ತಿಯ ಹೊಗೆ ಸುತ್ತಲೂ ಒಳಕ್ಕೆ ಸೆಳೆಯಲ್ಪಟ್ಟರೆ ಸರಿ. ಒಂದು ಮೂಲೆಯಲ್ಲಿ ಹೊರಕ್ಕೆ ತಳ್ಳಿದರೂ ಗ್ಯಾಸ್ ಬಂದ್ ಮಾಡಿ 'ಬಳಸಬೇಡಿ' ಎಂಬ ಚೀಟಿ ಅಂಟಿಸುತ್ತೇವೆ. ಈ ವಿಷಯದಲ್ಲಿ ನಮ್ಮ ಹುಡುಗರನ್ನು ಒತ್ತಾಯಿಸಬೇಡಿ.

ಜ್ವಾಲೆ ಹಳದಿಯಾಗಿದ್ದರೆ, ಗೀಸರಿನ ಮೈಮೇಲೆ ಮಸಿ ಕಂಡರೆ ತಕ್ಷಣ ಆರಿಸಿ ನಮ್ಮನ್ನು ಕರೆಯಿರಿ. ಬರ್ನರಿನಲ್ಲಿ ಧೂಳು ಕಟ್ಟಿರುತ್ತದೆ ಅಥವಾ ಗಾಳಿ ಸಾಲದೆ ಇರುತ್ತದೆ. ಆದರೆ ನೀಲಿ ಜ್ವಾಲೆ ಇದೆಯೆಂದು ನೆಮ್ಮದಿಯಾಗಿರುವಂತಿಲ್ಲ, ನೀಲಿಯಾಗಿ ಉರಿಯುತ್ತಲೇ ಕಾರ್ಬನ್ ಮಾನಾಕ್ಸೈಡ್ ಬಿಡುವ ಹೀಟರುಗಳಿವೆ.

ಅಲಾರ್ಮ್ ಹಾಕಿಸಿಕೊಳ್ಳಿ, ಆದರೆ ಕಾರ್ಬನ್ ಮಾನಾಕ್ಸೈಡ್‌ನದು. ಅನೇಕರ ಮನೆಯಲ್ಲಿರುವುದು ನೆಲದ ಬಳಿ ಕೂರಿಸುವ ಎಲ್‌ಪಿಜಿ ಸೋರಿಕೆಯ ಅಲಾರ್ಮ್, ಅದಕ್ಕೆ ಇದು ಗೊತ್ತಾಗುವುದಿಲ್ಲ. ಹೀಟರಿನಿಂದ 1ರಿಂದ 3 ಮೀಟರ್ ದೂರದಲ್ಲಿ, ಗೋಡೆಯ ಮೇಲ್ಭಾಗದಲ್ಲಿ ಹಾಕಿ. ಅದರ ಮೇಲೆ ಬರೆದಿರುವ ಅವಧಿ ಮುಗಿದ ಮೇಲೆ ಬದಲಿಸಿ. ಟೆಸ್ಟ್ ಬಟನ್ ಒತ್ತಿದಾಗ ಕೂಗಿತೆಂದರೆ ಸೆನ್ಸರ್ ಸರಿಯಿದೆ ಎಂದೇನಲ್ಲ. ಸ್ನಾನಕ್ಕೆ ಹೋದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು ಹೊರಗೆ ಬಂದೊಡನೆ ಕಡಿಮೆಯಾದರೆ ಮೊದಲು ಗೀಸರನ್ನು ಅನುಮಾನಿಸಿ. ಯಾರಾದರೂ ಕುಸಿದಿದ್ದರೆ ಬಾಗಿಲು ತೆರೆದು ಅವರನ್ನು ಹೊರಗಾಳಿಗೆ ಎಳೆದು ತನ್ನಿ, ಗ್ಯಾಸ್ ಮುಚ್ಚಿ, ಆಂಬುಲೆನ್ಸ್ ಕರೆಯಿರಿ. ನೀವೂ ಒಳಗೆ ನಿಲ್ಲಬೇಡಿ.

ಮುಂದಿನ ಸರ್ವೀಸ್‌ಗೆ ನಾವು ಬರುವ ಮುನ್ನ ಹೀಟರಿನ ಕೈಪಿಡಿ ಹುಡುಕಿಟ್ಟಿರಿ, ಕಿಂಡಿಗಳ ಮುಂದಿರುವ ಸಾಮಾನು ಸರಿಸಿಟ್ಟಿರಿ. ಬಾತ್‌ರೂಮಿನ ಗೀಸರ್ ಹೊರಗೆ ಸಾಗಿಸಬೇಕಾದವರು ಆ ಗೋಡೆಯ ಎರಡೂ ಬದಿಯ ಫೋಟೊ ಕಳಿಸಿದರೆ ಪೈಪಿನ ಉದ್ದ ಅಂದಾಜು ಮಾಡಿಕೊಂಡೇ ಬರುತ್ತೇವೆ.

ಇಂತಿ,
ಅಳವಡಿಕೆ ಮತ್ತು ಸರ್ವೀಸ್ ವಿಭಾಗ