ಕರಾವಳಿ ಪಯಣ ದೀಪಾವಳಿ ಕಳೆದ ಮೇಲಿರಲಿ

ಮಾನ್ಯ ಸಂಪಾದಕರೇ,

ದಸರಾ ರಜೆ ಬಂದರೆ ಸಾಕು, ಬೆಂಗಳೂರು, ಮೈಸೂರು ಕಡೆಯ ಕಾರುಗಳು ಸಾಲುಸಾಲಾಗಿ ಘಟ್ಟ ಇಳಿಯುತ್ತವೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಡಲು ನೋಡುತ್ತಾ ಮಂಗಳೂರಿನಿಂದ ಕಾರವಾರ ಮುಟ್ಟುವ ಆಸೆಯಿದ್ದವರು ಇನ್ನೊಂದು ತಿಂಗಳು ತಡೆಯುವುದೇ ಲೇಸು.

ಅಕ್ಟೋಬರಿನಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಸಿಡಿಲಿನ ಮಳೆ ಇನ್ನೂ ಇರುತ್ತದೆ. ಮಳೆಗಾಲದ ಅಲೆಗಳು ಎಳೆದೊಯ್ದ ಮರಳು ದಂಡೆಗೆ ಹಿಂದಿರುಗಲು ಸಮಯ ಬೇಕು. ಅಲ್ಲಿಯವರೆಗೆ ದಂಡೆ ಕಡಿದಾಗಿದ್ದು, ಮೊಣಕಾಲುದ್ದ ನೀರಿನಲ್ಲಿ ನಿಂತವರ ಕಾಲಡಿಯ ಮರಳೂ ಜಾರುತ್ತದೆ. ನವೆಂಬರ್ ಮಧ್ಯದ ಹೊತ್ತಿಗೆ ಕಡಲು ತಣಿಯುತ್ತದೆ, ಆಕಾಶ ತಿಳಿಯಾಗುತ್ತದೆ, ಗುಡ್ಡದ ಹಸಿರು ಮಾತ್ರ ಇನ್ನೂ ಮಾಸಿರುವುದಿಲ್ಲ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವುದೂ ಆಗಲೇ. ಫೆಬ್ರವರಿ ಮಧ್ಯದವರೆಗೆ ಇದೇ ಹದ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಬಿಟ್ಟುಬಿಡಿ. ಗೋಕರ್ಣ, ಮುರುಡೇಶ್ವರಗಳಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ಕಾರಿನಿಂದ ಇಳಿಯುವುದೇ ಕಷ್ಟ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸೊಬಗು ನೋಡಲು ಬರುವವರಿಗೆ ಒಂದು ಕಳಕಳಿಯ ಮಾತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ರಸ್ತೆಗಾಗಿ ಕಡಿದ ಗುಡ್ಡಕ್ಕೆ ಕೆಳಗಿನ ಆಸರೆ ತಪ್ಪಿರುತ್ತದೆ. ದಿನಗಟ್ಟಲೆ ಸುರಿದ ನೀರು ಒಳಗೆ ಇಂಗಿದರೆ ಮಣ್ಣು ಸಡಿಲಗೊಂಡು ಒಮ್ಮೆಲೇ ಜಾರುತ್ತದೆ. ಚಹಾಕ್ಕೆ, ಫೋಟೊಕ್ಕೆ ಅಂಥ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಲೇಬೇಡಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಊಟದ ತಟ್ಟೆಗೆ ತಾಜಾ ಮೀನು ಬರುವುದೂ ಕಡಿಮೆ.

ದಾರಿಯ ದಿಕ್ಕೂ ಮುಖ್ಯ. ಮಂಗಳೂರಿನಿಂದ ಉತ್ತರಕ್ಕೆ ಹೋದರೆ ಕಡಲು ಎಡಕ್ಕೆ ಸಿಗುತ್ತದೆ, ನಿಮ್ಮ ಪಥವೂ ಎಡದ್ದೇ. ವಿಭಜಕ ದಾಟುವ, ಎದುರು ವಾಹನಕ್ಕೆ ಅಡ್ಡ ಬರುವ ತಾಪತ್ರಯವಿಲ್ಲ. ಸುಮಾರು 270 ಕಿ.ಮೀ. ದಾರಿಯನ್ನು ಒಂದೇ ದಿನದಲ್ಲಿ ಮುಗಿಸದೆ ಎರಡು ರಾತ್ರಿ ತಂಗಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆಗೆ ಸಂಜೆ ಐದರೊಳಗೆ ತಲುಪಬೇಕು, ನವೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ದೋಣಿ ವಿಹಾರ ಮಾತ್ರ ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ನೀರು ಕುಲುಕತೊಡಗುತ್ತದೆ, ಮಕ್ಕಳಿಗೆ ವಾಂತಿಯಾಗುವುದು ಆಗಲೇ.

– ಓದುಗರು, ಕುಂದಾಪುರ