ಯೆಜ್ಡಿಗೆ 90 ನಂಬರ್ ಆಯಿಲ್ ಬೇಡ

ಮಾನ್ಯರೇ,

ಹಳೇ ಜಾವಾ, ಯೆಜ್ಡಿಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ ಅಲ್ಲಿಂದ ಬಂದ ಗಾಡಿಗಳು ಮೈಸೂರಿನಲ್ಲಿ ಇನ್ನೂ ಓಡುತ್ತಿವೆ. ಆದರೆ ‘ಗೇರ್‌ಬಾಕ್ಸಿಗೆ 90 ನಂಬರ್ ಆಯಿಲ್ ಹಾಕಿದರಾಯಿತು’ ಎಂಬ ಸಾಲಿಗೆ ಮಾತ್ರ ನನ್ನ ತಕರಾರಿದೆ. ನಾನು ಬೈಕ್ ಬಿಡಿಭಾಗಗಳ ಅಂಗಡಿ ಇಟ್ಟವನು. ಆ ಮಾತು ನಂಬಿದವರು ಕೊನೆಗೆ ಕ್ಲಚ್ ಪ್ಲೇಟ್ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತಾರೆ. ವ್ಯಾಪಾರಕ್ಕೇನೋ ಒಳ್ಳೆಯದೇ!

ಬಂದವರ ದೂರು ಹೆಚ್ಚುಕಮ್ಮಿ ಒಂದೇ. ಚಾಮುಂಡಿ ಬೆಟ್ಟ ಹತ್ತುವಾಗ ರೇಸ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏಳಲ್ಲ. ನಾನು ಪ್ಲೇಟ್ ತೆಗೆಯುವ ಮೊದಲು ಆಯಿಲ್ ಯಾವುದು ಅಂತ ಕೇಳುತ್ತೇನೆ. ‘ಬುಲೆಟ್ ಇಟ್ಟುಕೊಂಡಿರೋ ಫ್ರೆಂಡ್ ಹೇಳಿದ್ದು’ ಅನ್ನುತ್ತಾರೆ. ಗಡಬಡ ಆಗೋದೇ ಅಲ್ಲಿ. ಹಳೇ ಬುಲೆಟ್ಟಿನ ಗೇರ್‌ಬಾಕ್ಸ್ ಬೇರೆ, ಕ್ಲಚ್ ಇರುವ ಚೈನ್‌ಕೇಸ್ ಬೇರೆ. ಯೆಜ್ಡಿಯಲ್ಲಿ ಗೇರು, ಪ್ರೈಮರಿ ಚೈನು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್. ಕಾರ್ಕ್ ಹಾಕಿದ ಪ್ಲೇಟುಗಳು ಅದರಲ್ಲೇ ಮುಳುಗಿರುತ್ತವೆ.

ಗೇರ್ ಆಯಿಲ್ 90 ಅಂದರೆ ಇಂಜಿನ್ ಆಯಿಲ್ 40ಕ್ಕಿಂತ ದುಪ್ಪಟ್ಟು ಮಂದ ಅಂತ ತುಂಬ ಜನ ತಿಳಿದಿದ್ದಾರೆ. ಗೇರ್ ಆಯಿಲ್‌ನ ಅಳತೆಯೇ ಬೇರೆ, ಇಂಜಿನ್ ಆಯಿಲ್‌ನದೇ ಬೇರೆ. ಬಿಸಿಯಾದಾಗ ಗೇರ್ 90 ಮತ್ತು ಇಂಜಿನ್ 40-50 ಹೆಚ್ಚುಕಮ್ಮಿ ಒಂದೇ ಮಂದ. ತೊಂದರೆ ಕೊಡೋದು ಅದರಲ್ಲಿ ಬೆರೆಸಿರುವ ಗಂಧಕ, ರಂಜಕದ ಇಪಿ (ಭಾರೀ ಒತ್ತಡ ತಡೆಯುವ) ರಾಸಾಯನಿಕ. ಲಾರಿ, ಜೀಪುಗಳ ಡಿಫರೆನ್ಷಿಯಲ್ ಹಲ್ಲುಗಳಿಗೆ ಅದು ಬೇಕು. ಕ್ಲಚ್ಚಿಗೆ ಜಾರಿಕೆ ಬಂದರೆ ಕೆಲಸ ಕೆಟ್ಟಂತೆ, ಅಲ್ವಾ? ಕಂಚಿನ ಬುಷ್‌ಗಳಿಗೂ ಅದು ಒಳ್ಳೆಯದಲ್ಲ.

ಗಾಡಿಯ ಪುಸ್ತಕ ಇದ್ದರೆ ಅದರಲ್ಲಿ ಹೇಳಿದ ಗ್ರೇಡ್ ಹಾಕಿ. ಇಲ್ಲದವರಿಗೆ ನಾನು ಕೊಡೋದು ಡಬ್ಬದ ಮೇಲೆ ‘ಜಾಸೊ ಎಂಎ’ (ಆಯಿಲ್‌ನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುವ ದರ್ಜೆ) ಅಂತ ಬರೆದಿರುವ 20ಡಬ್ಲ್ಯು-40 ಫೋರ್‌ಸ್ಟ್ರೋಕ್ ಆಯಿಲ್, ಸುಮಾರು ಒಂದು ಲೀಟರ್. ಕಾರಿನ ಆಯಿಲ್ ಅಗ್ಗಕ್ಕೆ ಸಿಗುತ್ತೆ ಅಂತ ಸುಮ್ನೆ ತಂದು ಸುರಿಯಬೇಡಿ. ಪೆಟ್ರೋಲಿಗೆ 2ಟಿ (ಟೂಸ್ಟ್ರೋಕ್ ಆಯಿಲ್) ಬೆರೆಸುತ್ತೇವಲ್ಲ, ಗೇರ್‌ಬಾಕ್ಸಿಗೆ ಮತ್ತೇನು ಅನ್ನುವವರೂ ಇದ್ದಾರೆ. 2ಟಿ ಇಂಜಿನ್ನಿಗೆ ಮಾತ್ರ.

ಗಾಡಿ ಒಂದಿಷ್ಟು ಓಡಿಸಿ ಬಿಸಿ ಮಾಡಿ, ಆಮೇಲೆ ಡ್ರೈನ್ ಬೋಲ್ಟ್ ತೆಗೆಯಿರಿ. ಗಂಧಕದ ಕಟು ವಾಸನೆ ಬಂದರೆ ಒಳಗಿದ್ದದ್ದು ಗೇರ್ ಆಯಿಲ್ಲೇ. ಕಾರ್ಕಿನ ಕಂದು ಪುಡಿ ಕಂಡರೆ ಪ್ಲೇಟ್ ಆಗಲೇ ಸವೆದಿದೆ, ಆಗ ಧಾರಾಳವಾಗಿ ಅಂಗಡಿಗೆ ಬನ್ನಿ. ಎಲ್ಲೂ ಸೋರದೆ ಆಯಿಲ್ ಕಮ್ಮಿಯಾಗುತ್ತಿದ್ದು, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಜಾಸ್ತಿಯಾದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿರುತ್ತದೆ. ಅದಕ್ಕೆ ಯಾವ ದುಬಾರಿ ಆಯಿಲ್ಲೂ ಮದ್ದಲ್ಲ, ಸೀಲೇ ಬದಲಾಯಿಸಬೇಕು.

ಬೋಲ್ಟಿಗೆ ಹೊಸ ವಾಷರ್ ಹಾಕಿ. ಕೇಸ್ ಅಲ್ಯೂಮಿನಿಯಂನದು, ಬಲ ಪ್ರದರ್ಶನ ಮಾಡಿದರೆ ಥ್ರೆಡ್ ಕಿತ್ತುಹೋಗುತ್ತದೆ. ತೆಗೆದ ಆಯಿಲನ್ನು ದಯವಿಟ್ಟು ಮೋರಿಗೆ ಸುರಿಯಬೇಡಿ. ಹಳೇ ಕ್ಯಾನಿನಲ್ಲಿ ತುಂಬಿ, ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

– ಬಿಡಿಭಾಗಗಳ ಅಂಗಡಿಯ ಓದುಗ, ಮೈಸೂರು