ಗೆಳೆಯನಿಗೊಂದು ಪತ್ರ: ಹೊಸ ಮನೆಯ ವಾಸನೆ

ಪ್ರಿಯ ಗೆಳೆಯಾ,

ಬಣ್ಣದ ಕಾರ್ಡು ಹಿಡಿದು ಓಡಾಡುವುದಲ್ಲದೆ ಒಳಾಂಗಣ ವಿನ್ಯಾಸ ಮಾಡುವವರಿಗೆ ಬೇರೆ ಏನು ಕೆಲಸವಿರುತ್ತದೆ ಎಂದು ಕೇಳಿದ್ದೀಯಲ್ಲ, ಅದಕ್ಕೆ ಎಲ್ಲರೂ ಓದುವಂತೆ ಇಲ್ಲಿಯೇ ಉತ್ತರ ಬರೆಯುತ್ತಿದ್ದೇನೆ. ಮನೆ ಮಾಡಿಸುತ್ತಿರುವ ಇನ್ನೂ ಕೆಲವರ ಕಣ್ಣಿಗೆ ಇದು ಬಿದ್ದರೆ ಒಳ್ಳೆಯದು.

ಬಣ್ಣದ ಸರದಿ ಬರುವುದು ಕೊನೆಯಲ್ಲಿ. ಸದ್ಯ ನನ್ನ ಕೆಲಸ ಬೆಂಗಳೂರಿನ ಥಣಿಸಂದ್ರದ ಕಡೆಯ ಅಪಾರ್ಟ್‌ಮೆಂಟೊಂದರ ಮೇಲ್ಮಹಡಿಯಲ್ಲಿದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ಪ್ಲೈ (ಪ್ಲೈವುಡ್) ಬಂದ ದಿನ, 8 ಅಡಿ ಉದ್ದ 4 ಅಡಿ ಅಗಲದ ಹಲಗೆಗಳು ಸರ್ವಿಸ್ ಲಿಫ್ಟಿನಲ್ಲಿ ಓರೆಯಾಗಿಟ್ಟರೂ ಹಿಡಿಸಲಿಲ್ಲ. ಹುಡುಗರು ಅಷ್ಟನ್ನೂ ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದರು. ಸಿಂಕಿನ ನಲ್ಲಿ ನಕ್ಷೆಗಿಂತ ನಾಲ್ಕು ಇಂಚು ಆಚೆಯಿದ್ದರೆ ಪ್ಲಂಬರನ್ನು ಮತ್ತೆ ಕರೆಸುವುದು, ಗ್ರಾನೈಟ್ ಕೂರಿಸುವ ಮೊದಲು ಅಡುಗೆ ಮಾಡುವವರನ್ನೇ ನಿಲ್ಲಿಸಿ ಕಟ್ಟೆಯ ಎತ್ತರ ನೋಡುವುದು, ಮಧ್ಯಾಹ್ನ ಸದ್ದು ಮಾಡಬಾರದೆಂಬ ಅಸೋಸಿಯೇಷನ್ನಿನ ನಿಯಮಕ್ಕೆ ತಕ್ಕಂತೆ ಡ್ರಿಲ್ಲಿಂಗನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳುವುದು, ಇವುಗಳಲ್ಲಿಯೇ ದಿನ ಕಳೆಯುತ್ತದೆ. ನಿನ್ನ ಪಿಸ್ತಾ ಹಸಿರನ್ನು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ಈ ಮನೆಗೆ ಸದ್ಯದಲ್ಲೇ ಮಗು ಬರಲಿದೆ. ಹಾಗಾಗಿ ಪ್ಲೈ ಆರಿಸುವಾಗ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲದ ಬಗ್ಗೆ ದೀರ್ಘವಾಗಿ ಮಾತಾಯಿತು. ಪ್ಲೈನ ಪದರಗಳನ್ನೂ ಎಂಡಿಎಫ್ ಎಂಬ ಒತ್ತಿ ಮಾಡಿದ ಹಲಗೆಯ ಮರದ ನಾರನ್ನೂ ಹಿಡಿದಿಡುವ ಅಂಟಿನಿಂದ ಈ ಅನಿಲ ಮೆಲ್ಲಗೆ ಹೊರಬರುತ್ತಿರುತ್ತದೆ. ಎಂಆರ್ ದರ್ಜೆಯ ಅಗ್ಗದ ಪ್ಲೈನಲ್ಲಿ ಬಳಸುವ ಯೂರಿಯಾ ಅಂಟಿನಿಂದ ಹೆಚ್ಚು, ನೀರು ತಡೆಯುವ ಬಿಡಬ್ಲ್ಯುಪಿ ದರ್ಜೆಯ ಫೀನಾಲ್ ಅಂಟಿನಿಂದ ಕಡಿಮೆ. ಮನೆಯವರು ಕೇಳಿದ್ದೆಲ್ಲ ಕೇಳಲೇಬೇಕಾದ ಪ್ರಶ್ನೆಗಳೇ. ಹೆಚ್ಚು ದುಡ್ಡು ಕೊಟ್ಟು ಒಳ್ಳೆಯ ಹಲಗೆಯನ್ನೇ ತರಿಸಿದರು. ಕಪಾಟುಗಳೆಲ್ಲ ಮುಗಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಟ್ಟು, ಆಮೇಲೆ ಒಕ್ಕಲು ಬರುತ್ತೇವೆ ಎಂದರು.

ಆ ಮಾತು ಮುಗಿಸಿ ದೊಡ್ಡ ಬೆಡ್‌ರೂಮಿಗೆ ಹೋದೆ. ಹಲಗೆ ಕೊಯ್ಯುವುದು ಅಲ್ಲಿ. ಧೂಳು ಬರುತ್ತದೆಂದು ಪಕ್ಕದ ಮನೆಯವರು ದೂರಿದ್ದರಿಂದ ಕಿಟಕಿಗಳನ್ನು ಮುಚ್ಚಿದ್ದರು. ರಾಜಸ್ಥಾನದಿಂದ ಬಂದಿರುವ ಮಿಸ್ತ್ರಿ ಲ್ಯಾಮಿನೇಟಿನ ಅಂಚಿಗೆ ಟ್ರಿಮ್ಮರ್ ಓಡಿಸುತ್ತಿದ್ದರು. ಅವರ ರೆಪ್ಪೆಗೂದಲಿನ ಮೇಲೂ ಕಿವಿಯ ಮಡಿಕೆಯಲ್ಲೂ ಕಂದು ಪುಡಿ ಕೂತಿತ್ತು. ಮಾತಾಡಲೆಂದು ಮೂಗಿಗೆ ಕಟ್ಟಿದ್ದ ಟವೆಲ್ಲನ್ನು ಕೆಳಗೆ ಎಳೆದಾಗ, ಉಸಿರು ತಾಗುವ ಒಳಮಗ್ಗುಲಿನಲ್ಲಿ ಅದೇ ಬಣ್ಣದ ಒದ್ದೆ ಕಲೆ ಕಂಡಿತು. ರಾತ್ರಿ ಅವರೆಲ್ಲ ಮಲಗುವುದೂ ಅದೇ ಕೋಣೆಯಲ್ಲಿ, ಹಲಗೆಗಳ ಪಕ್ಕದಲ್ಲಿ ರಟ್ಟು ಹಾಸಿಕೊಂಡು. ಹುಟ್ಟಲಿರುವ ಮಗುವಿಗಾಗಿ ಅಂಟಿನ ಗುಣವನ್ನು ಅಳೆದು ತೂಗಿದ ನಮ್ಮ ಮಾತುಕತೆಯಲ್ಲಿ, ಆ ಹಲಗೆಯ ಪುಡಿಯನ್ನು ದಿನವಿಡೀ ಉಸಿರಾಡುವವರ ಪ್ರಸ್ತಾಪವೇ ಬಂದಿರಲಿಲ್ಲ.

ಇದು ಗೊತ್ತಿಲ್ಲದ ವಿಷಯವೂ ಅಲ್ಲ. ಇಂಗ್ಲೆಂಡಿನ ಹೈ ವೈಕಂಬ್ ಕುರ್ಚಿ, ಮೇಜು ಮಾಡುವವರ ಊರು. ಮೂಗಿನೊಳಗೆ ಬರುವ ಒಂದು ಅಪರೂಪದ ಕ್ಯಾನ್ಸರು ಮರಗೆಲಸದವರಲ್ಲೇ ಹೆಚ್ಚಾಗಿ ಕಾಣುತ್ತಿದೆ ಎಂಬುದನ್ನು ಅಲ್ಲಿನ ಇಎನ್‌ಟಿ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಗಮನಿಸಿದರು; ವೈದ್ಯ ಡೊನಾಲ್ಡ್ ಅಚೆಸನ್ ಮೊದಲಾದವರ ಜೊತೆ ಸೇರಿ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದ ವಸ್ತುಗಳ ಗುಂಪಿಗೆ ಮರದ ಧೂಳನ್ನು 1995ರಲ್ಲಿಯೂ ಫಾರ್ಮಾಲ್ಡಿಹೈಡನ್ನು 2004ರಲ್ಲಿಯೂ ಸೇರಿಸಿತು. ಎಂದರೆ ಹಲಗೆ ಎಷ್ಟು ಒಳ್ಳೆಯದಾದರೂ ಕೊಯ್ಯುವವರ ಪಾಲಿಗೆ ಧೂಳು ಧೂಳೇ.

ಇನ್ನೊಂದನ್ನು ಹೇಳಬೇಕೆಂದಿರಲಿಲ್ಲ, ಆದರೆ ಬರೆಯುತ್ತಾ ಬಂದುಬಿಟ್ಟಿದೆ. ಆ ಕೋಣೆಯೊಳಗೆ ಕಾಲಿಡುವಾಗ ನಾನು ಉಸಿರು ಬಿಗಿಹಿಡಿಯುತ್ತೇನೆ. ಮಿಸ್ತ್ರಿ ಕೆಮ್ಮುತ್ತಾರೆ, ಎಷ್ಟು ದಿನದಿಂದ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅವರು ಹೇಳಿಬಿಟ್ಟರೆ ಆಮೇಲೆ ಮೊದಲಿನಂತೆ ಈ ಕೆಲಸ ಮಾಡಿಕೊಂಡು ಹೋಗುವುದು ನನ್ನಿಂದಾಗದೆಂಬ ಭಯ. ಹೊಸ ಪ್ಲೈ, ಅಂಟು, ಪಾಲಿಷ್ ಸೇರಿ ಬರುವ ವಾಸನೆಗೆ ನನ್ನ ಮನಸ್ಸು ಇಂದಿಗೂ ಅರಳುತ್ತದೆ, ಗೆಳೆಯಾ. ನಾನು ಈ ವೃತ್ತಿಯಲ್ಲಿ ಉಳಿದದ್ದಕ್ಕೆ ಅದೂ ಒಂದು ಕಾರಣ. ಈಗ ಆ ವಾಸನೆ ಬಂದರೆ ಸಂತೋಷದ ಬೆನ್ನಿಗೇ ಆ ಟವೆಲ್ಲು ಕಣ್ಣಿಗೆ ಬರುತ್ತದೆ.

ಎಲ್ಲವನ್ನೂ ಪೀಣ್ಯದ ಕಾರ್ಖಾನೆಯಲ್ಲಿ, ಧೂಳು ಎಳೆದುಕೊಳ್ಳುವ ಯಂತ್ರಗಳಲ್ಲಿ ಕೊಯ್ಸಿ ಇಲ್ಲಿ ಜೋಡಿಸಬಹುದು. ಹಾಗೆಂದಾಗ, ಅಲ್ಲಿ ನಮಗೇನು ಕೆಲಸ ಇರುತ್ತದೆ ಎಂದು ಮಿಸ್ತ್ರಿ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಗರಗಸಕ್ಕೆ ಜೋಡಿಸುವ ವ್ಯಾಕ್ಯೂಮ್, ಸರಿಯಾದ ಮಾಸ್ಕು, ಮಲಗಲು ಬೇರೆ ಕೋಣೆ, ಇಷ್ಟನ್ನು ಈಗ ಕೊಟೇಶನ್ನಿನಲ್ಲಿ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ. ಈ ಮನೆಯವರು ಮರುಮಾತಿಲ್ಲದೆ ಒಪ್ಪಿದರು. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಆದರೆ ಸೆಖೆಗೆ ಮಾಸ್ಕು ಗಂಟೆಗೊಮ್ಮೆ ಗದ್ದಕ್ಕೆ ಇಳಿಯುತ್ತದೆ, ಮೇಲೇರಿಸಿಕೊಳ್ಳಿ ಎಂದು ಹೇಳುತ್ತಲೇ ಇರಬೇಕು.

ಇರಲಿ, ನಿನ್ನ ಸಂಜೆಯನ್ನು ಇಷ್ಟು ಭಾರ ಮಾಡುವ ಇರಾದೆ ಇರಲಿಲ್ಲ. ಶಿರಸಿಯಲ್ಲಿ ನಿನ್ನ ಮನೆಯ ಕೆಲಸ ಶುರುವಾದರೆ ಬಡಗಿಗಳು ಅಂಗಳದಲ್ಲೇ ಕೊಯ್ಯಲಿ, ಮಳೆಯೆಂದು ಒಳಗೆ ಕರೆಯಬೇಡ, ಒಂದು ಚಪ್ಪರ ಹಾಕಿಸು. ತೊಡೆದೇವಿನ ಡಬ್ಬಿ ಇನ್ನೂ ತಲುಪಿಲ್ಲ. ಬಸ್ಸು ಬೇರೆ ದಾರಿಯಲ್ಲಿ ಹೋಯಿತು ಎಂದು ಈ ಸಲವೂ ಹೇಳಬೇಡ, ಅಮ್ಮ ನಂಬುವುದಿಲ್ಲ.

ನಿನ್ನ
ಗೆಳೆಯ